ಹಳೆಯ ಮನೆಯ ಫ್ಯೂಸ್ ಬೋರ್ಡು

ಮನೆಯೆಂಬುದು ಗೋಡೆ, ತೊಲೆ, ಹೆಂಚುಗಳ ಕೂಟವಷ್ಟೇ ಅಲ್ಲ. ಅದರೊಳಗೆ ಬಾಳುವವರ ನೆಮ್ಮದಿಯೂ ಅದರ ಅಂಗವೇ ಆಗಿದೆ. ಹಿರಿಯರು ಕಟ್ಟಿದ ಮನೆಯ ತೊಲೆಗೆ ಗೆದ್ದಲು ಹಿಡಿದರೆ ನಾವು ಗಮನಿಸುತ್ತೇವೆ. ಹೆಂಚು ಒಡೆದರೆ ಮಳೆಗಾಲಕ್ಕೆ ಮುನ್ನ ಬದಲಿಸುತ್ತೇವೆ. ಆದರೆ ಪಡಸಾಲೆಯ ಗೋಡೆಯಲ್ಲಿ ನಾಲ್ಕೈದು ದಶಕಗಳಿಂದ ಹೊಗೆ ಹಿಡಿದು ಕುಳಿತಿರುವ ಫ್ಯೂಸ್ ಬೋರ್ಡಿನತ್ತ, ದೀಪ ಆರಿದ ದಿನದ ಹೊರತು, ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ಪುರಾಣ ಪ್ರವಚನಗಳ ನಿಮಿತ್ತ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಅನೇಕ ಹಳೆಯ ಮನೆಗಳಲ್ಲಿ ತಂಗುವ ಭಾಗ್ಯ ನನಗೆ ದೊರೆತಿದೆ. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಆನಂತರದ ವರ್ಷಗಳಲ್ಲಿ ನಮ್ಮ ಹಳ್ಳಿಗಳಿಗೆ ಬೆಳಕು ಬಂದಾಗ ಒಂದು ಮನೆಗೆ ಬೇಕಾಗಿದ್ದುದು ನಾಲ್ಕು ಬಲ್ಬು, ಒಂದು ರೇಡಿಯೋ ಮಾತ್ರ. ಮರದ ಪಟ್ಟಿಯ ಮೇಲೆ ಎಳೆದ ತಂತಿ, ಪಿಂಗಾಣಿಯ ಫ್ಯೂಸು, ಕಬ್ಬಿಣದ ಪೆಟ್ಟಿಗೆಯ ಮೇನ್ ಸ್ವಿಚ್ಚು ಆ ಕಾಲಕ್ಕೆ ಸಾಕಾಗಿದ್ದವು. ಇಂದು ಅದೇ ತಂತಿಗಳ ಮೇಲೆ ಫ್ರಿಜ್ಜು, ಮಿಕ್ಸಿ, ಗ್ರೈಂಡರು, ನೀರಿನ ಮೋಟಾರು, ಗೀಸರುಗಳ ಭಾರ ಬಿದ್ದಿದೆ. 2000 ವಾಟಿನ ಒಂದು ಗೀಸರು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ; 5 ಆಂಪಿಯರಿನ ದೀಪದ ಸಾಲು ಅದನ್ನು ಹೊರುವುದೆಂತು? ತಂತಿಯಲ್ಲಿ ಹರಿಯುವ ವಿದ್ಯುತ್ತು ಇಮ್ಮಡಿಯಾದರೆ ಹುಟ್ಟುವ ಶಾಖ ನಾಲ್ಮಡಿಯಾಗುತ್ತದೆ. ಫ್ಯೂಸು ಪದೇ ಪದೇ ಸುಡುತ್ತದೆಂದು ದಪ್ಪ ತಾಮ್ರದ ತಂತಿ ಕಟ್ಟುವ ರೂಢಿ ಎಲ್ಲೆಡೆಯೂ ಇದೆ. ಅದು ಮನೆ ಕಾಯುವವನ ಬಾಯಿ ಕಟ್ಟಿದಂತೆ. ಫ್ಯೂಸು ಉಳಿಯುತ್ತದೆ, ಗೋಡೆಯೊಳಗಿನ ತಂತಿ ಸುಡುತ್ತದೆ.

ನ್ಯಾಮತಿ ಬಳಿಯ ಒಂದು ಮನೆಯಲ್ಲಿ ಅಡುಗೆಯ ತಾಯಿ ಗ್ರೈಂಡರಿನ ಮುಂದೆ ಮಣೆ ಹಾಕಿ ನಿಂತು ಹಿಟ್ಟು ರುಬ್ಬುತ್ತಿದ್ದರು. ಕಾರಣ ಕೇಳಿದೆ. “ಮುಟ್ಟಿದರೆ ಜುಮ್ ಅನ್ನುತ್ತೆ ಅಯ್ಯನವರೇ, ಮಣೆ ಮೇಲೆ ನಿಂತರೆ ಏನೂ ಆಗಲ್ಲ” ಎಂದರು. ಯಜಮಾನರು, “ನಮ್ಮ ತಂದೆಯವರ ಕಾಲದ ವೈರಿಂಗು, ಇದುವರೆಗೂ ಏನೂ ಆಗಿಲ್ಲ” ಎಂದು ನಕ್ಕರು. ಆ ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗುವಿತ್ತು. ಮಗುವಿಗೆ ಮಣೆಯ ಗುಟ್ಟು ತಿಳಿದೀತೇ? ಮರುದಿನವೇ ಬಲ್ಲವರನ್ನು ಕರೆಸಿದಾಗ, ಮೂರು ತೂತಿನ ಸಾಕೆಟ್ಟುಗಳಿಗೆ ಅರ್ಥಿಂಗ್ ತಂತಿಯೇ ಇರಲಿಲ್ಲವೆಂಬುದು ತಿಳಿಯಿತು. ಮೇಲಾಗಿ ಫೇಸಿಗೂ ನ್ಯೂಟ್ರಲ್ಲಿಗೂ ಎರಡಕ್ಕೂ ಫ್ಯೂಸುಗಳಿದ್ದವು. ನ್ಯೂಟ್ರಲ್ ಫ್ಯೂಸು ಮಾತ್ರ ಸುಟ್ಟರೆ ದೀಪ ಆರುತ್ತದೆ. ತಂತಿಯಲ್ಲಿ ವಿದ್ಯುತ್ತು ಮಾತ್ರ ಇದ್ದೇ ಇರುತ್ತದೆ. ಕರೆಂಟಿಲ್ಲವೆಂದು ನಂಬಿ ಕೈಯಿಟ್ಟವನ ಗತಿಯನ್ನು ಹೇಳಬೇಕಾಗಿಲ್ಲ.

ಗೃಹಸ್ಥರು ಗಮನಿಸಬೇಕಾದ ಲಕ್ಷಣಗಳು ಸರಳವಾಗಿವೆ. ಬೋರ್ಡು ಬೆಚ್ಚಗಾಗುವುದು, ಸುಟ್ಟ ವಾಸನೆ, ಪಿಂಗಾಣಿಯ ಮೇಲೆ ಕಪ್ಪು ಕಲೆ, ಚಿಟಚಿಟ ಸದ್ದು, ಮೋಟಾರು ತಿರುಗಿದೊಡನೆ ದೀಪ ಮಂಕಾಗುವುದು, ಮುಟ್ಟಿದರೆ ಉದುರುವ ತಂತಿಯ ಹೊದಿಕೆ, ನಲ್ಲಿ ಅಥವಾ ಗ್ರೈಂಡರು ಜುಮ್ಮೆನ್ನುವುದು. ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು.

ಬದಲಿಸುವಾಗ ಪಿಂಗಾಣಿ ಫ್ಯೂಸುಗಳ ಸ್ಥಾನದಲ್ಲಿ ಐಎಸ್ಐ ಗುರುತಿನ ಎಂಸಿಬಿಗಳನ್ನು ಹಾಕಿಸಬೇಕು. ದೀಪಗಳಿಗೊಂದು, ಗೀಸರು ಮೋಟಾರುಗಳಿಗೆ ಬೇರೆ ಬೇರೆ ಸಾಲುಗಳಿರಬೇಕು. ಎಂಸಿಬಿಯು ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯಲು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು. ಅಷ್ಟು ವಿದ್ಯುತ್ತು ಸೋರಿದೊಡನೆ ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಹಳೆಯ ತಂತಿಗಳನ್ನು ಹಾಗೆಯೇ ಬಿಟ್ಟು ಪೆಟ್ಟಿಗೆಯನ್ನಷ್ಟೇ ಹೊಸದು ಮಾಡಿದರೆ ಕೆಲಸ ಅರ್ಧವಾದಂತೆ. ಪರವಾನಗಿಯುಳ್ಳ ಗುತ್ತಿಗೆದಾರರಿಂದಲೇ ಇದನ್ನು ಮಾಡಿಸಬೇಕು. ಮೀಟರಿನ ಬಳಿಯ ಫ್ಯೂಸು ಬೆಸ್ಕಾಂ ಸಂಸ್ಥೆಗೆ ಸೇರಿದ್ದು, ಅದನ್ನು ನಾವು ಮುಟ್ಟುವಂತಿಲ್ಲ. 1912ಕ್ಕೆ ಕರೆ ಮಾಡಿ ತಿಳಿಸಬೇಕು.

ಸೀಮೆಗೆ ತಕ್ಕ ಎಚ್ಚರವೂ ಅಗತ್ಯ. ಜಗಳೂರಿನ ಒಣಮಣ್ಣಿನಲ್ಲಿ ಅರ್ಥಿಂಗ್ ಗುಂಡಿಗೆ ಬೇಸಗೆಯಲ್ಲಿ ನೀರು ಹಾಕದಿದ್ದರೆ ಅದು ಇದ್ದೂ ಇಲ್ಲದಂತೆ. ಹೊನ್ನಾಳಿ, ನ್ಯಾಮತಿಗಳ ಹೆಂಚಿನ ಮನೆಗಳಲ್ಲಿ ಮಳೆಯ ಸೋರಿಕೆ ಬೋರ್ಡಿಗಿಳಿಯದಂತೆ ನೋಡಿಕೊಳ್ಳಬೇಕು. ಚನ್ನಗಿರಿಯ ಅಡಿಕೆ ಬೆಳೆಗಾರರು ಒಣಗಿದ ಅಡಿಕೆಯ ಚೀಲಗಳನ್ನು ಬೋರ್ಡಿನ ಕೆಳಗೆ ಒಟ್ಟಬಾರದು. ವರ್ಷದ ದುಡಿಮೆಗೆ ಒಂದು ಕಿಡಿ ಸಾಕು.

ಖರ್ಚಿನ ಮಾತು ಬರುವುದು ಸಹಜ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ಅನೇಕ ಮನೆಗಳ ಬಿಲ್ಲು ಇಳಿದಿದೆ. ಹಾಗೆ ಉಳಿದ ಹಣದಲ್ಲಿ ಸ್ವಲ್ಪವನ್ನು ಇದಕ್ಕಾಗಿ ತೆಗೆದಿಟ್ಟರೆ ಅದು ಸದ್ವಿನಿಯೋಗವೇ ಸರಿ. ಮದುವೆ, ಗೃಹಪ್ರವೇಶಗಳಿಗೆ ಮನೆಯ ಹೊರಗೆ ದೀಪಮಾಲೆ ಕಟ್ಟಿಸುವ ನಾವು, ಅದಕ್ಕೆ ಮೊದಲು ಒಳಗಿನ ಬೋರ್ಡನ್ನು ಒಮ್ಮೆ ತೆರೆಸಿ ನೋಡೋಣ. ಹಿರಿಯರ ಮನೆಯನ್ನು ಉಳಿಸಿಕೊಳ್ಳುವುದೆಂದರೆ ಅವರ ಫ್ಯೂಸನ್ನೂ ಉಳಿಸಿಕೊಳ್ಳುವುದಲ್ಲ. ಅದರೊಳಗಿನ ಮಕ್ಕಳನ್ನು ಉಳಿಸಿಕೊಳ್ಳುವುದು.