ಒರೆಸಿದರೆ ಹೋಗುವ ಮಸಿ

ಅರಬ್ಬೀ ಸುಂದರಲಿಪಿಯ ಸಾಂಪ್ರದಾಯಿಕ ಮಸಿ ನೀರು ತಾಗಿದರೆ ಕರಗುತ್ತದೆ. ದೀಪದ ಕಾಡಿಗೆಗೆ ಜಾಲಿಗೋಂದು ಸೇರಿಸಿ ಗಂಟೆಗಟ್ಟಲೆ ಅರೆದು ಮಾಡಿದ್ದದು. ಮೊಟ್ಟೆಯ ಬಿಳಿ, ಪಟಿಕ ಬಳಿದು, ಅಗೇಟ್ ಕಲ್ಲಿನಿಂದ ತಿಕ್ಕಿ ನುಣುಪಾಗಿಸಿದ ಕಾಗದ ಅದನ್ನು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಅಕ್ಷರ ಮೇಲೆಯೇ ಕೂತಿರುತ್ತದೆ, ಒದ್ದೆ ಬೆರಳಿಂದ ಒರೆಸಿದರೆ ಹೋಯಿತು. ಇಸ್ತಾನ್‌ಬುಲ್‌ನ ಸುಲೇಮಾನಿಯೆ ಮಸೀದಿಯಲ್ಲಿ ಎಣ್ಣೆದೀಪಗಳ ಹೊಗೆ ಒಂದು ಕೋಣೆಯಲ್ಲಿ ಸೇರುವಂತೆ ವಾಸ್ತುಶಿಲ್ಪಿ ಸಿನಾನ್ ಗಾಳಿಗೆ ದಾರಿ ಮಾಡಿದ್ದನಂತೆ. ಅಲ್ಲಿನ ಕಾಡಿಗೆ ಲಿಪಿಕಾರರ ಮಸಿಯಾಗುತ್ತಿತ್ತು. ಅಳಿವಿಲ್ಲದ ಮಾತನ್ನು ಬರೆಯಲು ಹೊಗೆಯನ್ನು ಆರಿಸಿಕೊಂಡರಲ್ಲ! ಈ ಕಲೆಯ ಹುಚ್ಚು ನನಗೆ ಹಿಡಿದದ್ದೇ ಅಲ್ಲಿಂದ.

ರಾತ್ರಿ ಊಟವಾದ ಮೇಲೆ ಜೊಂಡಿನ ಕಲಮನ್ನು ಓರೆಯಾಗಿ ಕೆತ್ತಿಕೊಂಡು ಕೂರುತ್ತೇನೆ. ತುದಿಯನ್ನು ಒತ್ತಿ ಎಳೆದರೆ ಮೂಡುವ ವಜ್ರಾಕಾರದ ಚುಕ್ಕೆ, ನುಕ್ತಾ, ಅದೇ ಅಳತೆಗೋಲು. ಅಲಿಫ್‌ನ ಎತ್ತರ, ನೂನ್‌ನ ಬಟ್ಟಲಿನ ಆಳ ಎಲ್ಲವೂ ಅದರದೇ ಲೆಕ್ಕ. ಕುಡಿಕೆಯೊಳಗೆ ಹಸಿ ರೇಷ್ಮೆಯ ಎಳೆಗಳ ಉಂಡೆಯಿರುತ್ತದೆ (ನನ್ನದು ಶಿಡ್ಲಘಟ್ಟದ್ದು). ಅದಕ್ಕೆ ಒತ್ತಿದಾಗ ಕಲಮಿಗೆ ಬೇಕಾದಷ್ಟೇ ಮಸಿ ಹತ್ತುತ್ತದೆ. ಆಮೇಲೆ ಕಾಗದದ ಮೇಲೆ ಆ ಕಿರ್ರೆನ್ನುವ ಸದ್ದು. ಅದನ್ನು ಕೇಳುತ್ತಿದ್ದರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಇರಾನಿನಲ್ಲಿ ಸಿಯಾಹ್ ಮಶ್ಖ್ ಎಂಬ ಪದ್ಧತಿಯಿದೆ. ಬರೆದದ್ದರ ಮೇಲೆಯೇ ಬರೆದು ಬರೆದು ಹಾಳೆ ಕಪ್ಪಾಗಿ, ಕೊನೆಗೆ ಓದುವುದಕ್ಕೆ ಏನೂ ಉಳಿಯದು. ಬ್ರಿಟಿಷ್ ಕಲಾವಿದ ಇದ್ರಿಸ್ ಖಾನ್ 2004ರಲ್ಲಿ ಕುರ್‌ಆನ್‌ನ ಎಲ್ಲ ಪುಟಗಳನ್ನೂ ಒಂದರ ಮೇಲೊಂದು ಹೊಂದಿಸಿ ಒಂದೇ ಚಿತ್ರವಾಗಿಸಿದಾಗ ನನಗೆ ನೆನಪಾದದ್ದು ಆ ಕಪ್ಪು ಹಾಳೆಗಳೇ.

ಟ್ಯುನೀಷಿಯಾ ಮೂಲದ ಕಲಾವಿದ ಎಲ್ ಸೀಡ್ ಇನ್ನೂ ಮುಂದೆ ಹೋದರು. 2013ರಲ್ಲಿ ಪ್ಯಾರಿಸ್‌ನಲ್ಲಿ, ಕೆಡವಲೆಂದೇ ಗುರುತು ಮಾಡಿದ್ದ ಕಟ್ಟಡವೊಂದರ ಹೊರಗೋಡೆಗೆ ಅರಬ್ಬೀ ಅಕ್ಷರಗಳನ್ನು ಬರೆದರು. ಮರುವರ್ಷ ಅದು ನೆಲಸಮವಾಯಿತು. ಆ ಗೋಡೆಯ ಫೋಟೋಗಳನ್ನು ಎಷ್ಟು ಸಲ ನೋಡಿದರೂ ಒಂದು ತಿರುವಿನಲ್ಲೂ ಅವಸರ ಕಾಣಿಸದು. 2016ರಲ್ಲಿ ಕೈರೋದ ಮನ್ಶಿಯತ್ ನಾಸರ್‌ನಲ್ಲಿ ಸುಮಾರು 50 ಕಟ್ಟಡಗಳ ಮೇಲೆ ಒಂದೇ ಬರಹವನ್ನು ಹರಡಿದರು. ಮೊಕತ್ತಂ ಗುಡ್ಡದ ಮೇಲೆ ಸರಿಯಾದ ಜಾಗದಲ್ಲಿ ನಿಂತರೆ ಅದು ಇಡಿಯಾಗಿ ಕೂಡಿಕೊಳ್ಳುತ್ತದೆ. ಜಾಗ ಬದಲಿಸಿದರೆ ಚೂರುಚೂರು.

ಇಂಥ ಗೋಡೆಗಳಿಗೆ ಮತ್ತೆ ಮತ್ತೆ ಬಣ್ಣ ಬಳಿದು ಉಳಿಸಿಕೊಳ್ಳಬೇಕೆಂಬ ವಾದವನ್ನು ನಾನು ಒಪ್ಪಲಾರೆ. ಬೀದರಿನಲ್ಲಿ 1472ರ ಮಹಮೂದ್ ಗವಾನ್ ಮದರಸಾದ ಅಕ್ಷರದ ಹೆಂಚುಗಳನ್ನು ಕಾಪಾಡಲೇಬೇಕು, ಅವು ಉಳಿಯಲೆಂದು ಕೂರಿಸಿದವು. ಗೋಡೆಯ ಬರಹವನ್ನು ಬಿಸಿಲಿಗೆ, ಧೂಳಿಗೆ ಬಿಟ್ಟುಬಿಡಬೇಕು. ಕೈರೋ ಕಡೆ ಹೋಗುವವರು ಮೊಕತ್ತಂ ಗುಡ್ಡ ಹತ್ತಿ, ಬಣ್ಣ ಪೂರಾ ಮಾಸುವ ಮುಂಚೆ ನೋಡಿ ಬನ್ನಿ.