ಹೊರೆಯಿಲ್ಲದ ಏರು

ಐವತ್ತು ದಾಟಿದ ಹೆಂಗಸೊಬ್ಬಳು ಬೀದಿಯಲ್ಲಿ ಓಡಿದರೆ ನೋಡಿದವರಿಗೆ ಹೊಳೆಯುವ ಕಾರಣಗಳು ಎರಡೇ: ಬಸ್ಸು ತಪ್ಪುತ್ತಿರಬೇಕು, ಇಲ್ಲವೇ ಒಲೆಯ ಮೇಲೆ ಹಾಲಿಟ್ಟು ಮರೆತು ಬಂದಿರಬೇಕು. ಮೂರನೆಯ ಕಾರಣವೂ ಒಂದಿರಬಹುದೆಂದು ನಮ್ಮ ಧಾರವಾಡದ ಜನ ಸುಲಭಕ್ಕೆ ಒಪ್ಪುವವರಲ್ಲ. ನಾನು ಬೆಳಗಿನ ಐದೂವರೆಗೆ ಓಡತೊಡಗಿದ ಹೊಸತರಲ್ಲಿ ಹಾಲು ಹಾಕುವ ಹುಡುಗ ಗಾಡಿ ನಿಲ್ಲಿಸಿ, “ಅಕ್ಕೋರ, ಮನ್ಯಾಗ ಯಾರಿಗೇನಾತ್ರೀ? ದವಾಖಾನಿಗೆ ಬಿಡ್ಲೇನ್ರಿ?” ಎಂದು ಕೇಳಿದ. “ಯಾರಿಗೂ ಏನೂ ಆಗಿಲ್ಲೋ ತಮ್ಮಾ, ಸುಮ್ನ ಓಡಾಕತ್ತೀನಿ” ಎಂದೆ. ಆ ‘ಸುಮ್ನ’ ಎಂಬ ಮಾತು ಅವನಿಗೆ ದವಾಖಾನೆಗಿಂತ ಹೆಚ್ಚು ಗಾಬರಿ ಹುಟ್ಟಿಸಿತೆಂದು ಅವನ ಮುಖ ಹೇಳುತ್ತಿತ್ತು.

ಹಾಗೆಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಗುಡ್ಡ ಹೊಸದೇನಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಊರೂರೇ ಏಳುತ್ತದೆ. ತಲೆಯ ಮೇಲೆ ಬುತ್ತಿಯ ಗಂಟು, ಬಗಲಲ್ಲಿ ಕೂಸು, ಬಾಯಲ್ಲಿ ಉಧೋ ಉಧೋ. ನನ್ನ ಅವ್ವ ಹಾಗೆ ಎಷ್ಟು ಸಲ ಆ ಗುಡ್ಡ ಹತ್ತಿದ್ದಳೋ ಲೆಕ್ಕವಿಲ್ಲ. ಒಂದೆರಡು ಸಲ ಬಗಲಲ್ಲಿದ್ದ ಕೂಸು ನಾನೇ. ಕಟ್ಟಿಗೆ ತರಲು, ದನ ಹುಡುಕಲು, ಹರಕೆ ತೀರಿಸಲು ನಮ್ಮ ಹೆಂಗಸರು ಯಾವ ವಯಸ್ಸಿನಲ್ಲೂ ಗುಡ್ಡ ಹತ್ತಿದ್ದಾರೆ. ಆದರೆ ಎಲ್ಲಮ್ಮನಿಗಾಗಿ ಹತ್ತಿದರು, ಮಗನ ಜ್ವರಕ್ಕಾಗಿ ಹತ್ತಿದರು, ಒಲೆಗಾಗಿ ಹತ್ತಿದರು. ತನಗಾಗಿ ಹತ್ತಿದವಳನ್ನು ನಾನು ನೋಡಿರಲಿಲ್ಲ.

ಅಷ್ಟೆಲ್ಲ ಹತ್ತಿದ ಅವ್ವ ಕೊನೆಗೆ ಬಿದ್ದದ್ದು ಗುಡ್ಡದಲ್ಲಲ್ಲ, ಬಚ್ಚಲದಲ್ಲಿ. ಆಗ ಅವಳಿಗೆ ಅರವತ್ತೆಂಟು. ಸೊಂಟದ ಎಲುಬು ಮುರಿಯಿತು. ಮುಂದಿನ ಮೂರು ವರ್ಷ ಪಡಸಾಲೆಯ ಮಂಚವೇ ಅವಳ ಊರಾಯಿತು. ಮಗ್ಗುಲು ಬದಲಿಸಲೂ ಒಬ್ಬರನ್ನು ಕರೆಯಬೇಕು. “ನನ್ನ ಎಬಸ್ರೆವಾ” ಎಂದು ಕೂಗುತ್ತಿದ್ದ ಆ ಧ್ವನಿಯಲ್ಲಿ ನೋವಿಗಿಂತ ಹೆಚ್ಚಾಗಿ ಸಂಕೋಚವಿತ್ತು. ಜೀವಮಾನವಿಡೀ ಯಾರನ್ನೂ ಏನೂ ಕೇಳದವಳಿಗೆ ದಿನಕ್ಕೆ ಹತ್ತು ಸಲ ಕೇಳುವ ಗತಿ ಬಂದಿತ್ತು.

ನನಗೆ ಐವತ್ತೆರಡಾದಾಗ, ಮುಟ್ಟು ನಿಂತ ಮೇಲೆ, ವೈದ್ಯರೊಬ್ಬರು ಬಿಡಿಸಿ ಹೇಳಿದರು. ಹೆಂಗಸರಲ್ಲಿ ಆ ವಯಸ್ಸಿನ ನಂತರ ಎಲುಬಿನ ಸಾಂದ್ರತೆ ಬೇಗ ಬೇಗ ಇಳಿಯುತ್ತದೆ. ಹಾಲು, ರಾಗಿ, ಮಾತ್ರೆ ಎಲ್ಲ ಸರಿ. ಆದರೆ ಎಲುಬು ಗಟ್ಟಿಯಾಗಿ ಉಳಿಯಬೇಕಾದರೆ ಅದರ ಮೇಲೆ ಭಾರ ಬೀಳಬೇಕು, ಅಂದರೆ ನಡೆಯಬೇಕು, ಹತ್ತಬೇಕು, ಆದರೆ ಓಡಬೇಕು. ನನಗೆ ಅವ್ವನ ಮಂಚ ಕಣ್ಣ ಮುಂದೆ ಬಂತು. ಮರುದಿನವೇ ಕ್ಯಾನ್ವಾಸಿನ ಬೂಟು ಕೊಂಡೆ.

ಧಾರವಾಡ ಓಡುವವರಿಗೆ ಒಳ್ಳೆಯ ಊರು. ಸಮುದ್ರಮಟ್ಟದಿಂದ ಸುಮಾರು ಏಳುನೂರು ಮೀಟರ್ ಮೇಲಿದೆ, ಬೆಳಗಿನ ಗಾಳಿ ತಂಪು, ಸಪಾಟಾದ ರಸ್ತೆ ಕಡಿಮೆ. ಕರ್ನಾಟಕ ವಿಶ್ವವಿದ್ಯಾಲಯ ಇರುವ ಗುಡ್ಡಕ್ಕೆ ಛೋಟಾ ಮಹಾಬಳೇಶ್ವರ ಎಂಬ ಹೆಸರೇ ಇದೆ. ಬಿ.ಎ. ಓದುವಾಗ ಅದೇ ಏರನ್ನು ಬೈದುಕೊಳ್ಳುತ್ತ ಹತ್ತಿದವಳು ನಾನು. ಈಗ ಅದೇ ನನ್ನ ಅಂಗಳವಾಯಿತು. ರವಿವಾರ ಮಾತ್ರ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಯ ಉಣಕಲ್ಲಿಗೆ ಹೋಗಿ ನೃಪತುಂಗ ಬೆಟ್ಟ ಹತ್ತುತ್ತಿದ್ದೆ. ಊರಿನವರು ಬಸ್ಸಿಗೆ ಚಿಗರಿಯ ಹೆಸರಿಟ್ಟು ಸಮಾಧಾನ ಪಟ್ಟುಕೊಂಡಿರುವಾಗ ಅಕ್ಕೋರು ಯಾಕೆ ಓಡಬೇಕು ಎಂದು ಶಾಲೆಯಲ್ಲಿ ಚೇಷ್ಟೆ ಮಾಡಿದವರೂ ಉಂಟು.

ಗುಡ್ಡದ ಓಟಕ್ಕೆ ಅದರದೇ ವ್ಯಾಕರಣವಿದೆ. ಅದನ್ನು ನನಗೆ ಕಲಿಸಿದವರು ನಿವೃತ್ತರಾದ ನಮ್ಮ ಪಿ.ಟಿ. ಮಾಸ್ತರರು. “ಏರಿನ್ಯಾಗ ಹೆಜ್ಜಿ ಸಣ್ಣದಾಗಬೇಕ್ರೀ ಅಕ್ಕೋರ. ಬಾಯಾಗ ಒಂದು ವಾಕ್ಯ ಪೂರಾ ಬರಬೇಕು. ಮಾತು ತುಂಡಾತಂದ್ರ ಓಟಾ ಬಿಟ್ಟು ನಡೀರಿ. ನಡದ್ರ ಸೋತಂಗಲ್ಲ.” ಸಪಾಟು ನೆಲದಲ್ಲಿ ಓಟಗಾರ ನಡೆದರೆ ಅವಮಾನ, ಗುಡ್ಡದಲ್ಲಿ ಮಾತ್ರ ದೊಡ್ಡ ದೊಡ್ಡ ಓಟಗಾರರೂ ಕಡಿದಾದ ಕಡೆ ಮೊಣಕಾಲಿನ ಮೇಲೆ ಕೈಯೂರಿ ನಡೆಯುತ್ತಾರೆ. ಇನ್ನೊಂದು ಸಂಗತಿ ನನ್ನ ತೊಡೆಗಳೇ ಕಲಿಸಿದವು. ಹತ್ತುವಾಗ ದಣಿಯುವುದು ಉಸಿರು, ಇಳಿಯುವಾಗ ದಣಿಯುವುದು ಸ್ನಾಯು. ಇಳಿಜಾರಿನಲ್ಲಿ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತ ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಅದರ ನೋವು ಆ ದಿನ ಗೊತ್ತಾಗದೆ ಮರುದಿನ, ಮೂರನೆಯ ದಿನ ಬರುತ್ತದೆ. ಮಂಗಳವಾರ ಬೋರ್ಡಿನ ಕೆಳಗಿನ ಸಾಲು ಬರೆಯಲು ಬಗ್ಗುವಾಗ ರವಿವಾರದ ಇಳಿಜಾರು ನೆನಪಾಗುತ್ತಿತ್ತು. ಎದೆಬಡಿತದ್ದೂ ಒಂದು ಸ್ಥೂಲ ಲೆಕ್ಕವಿದೆ: 220ರಲ್ಲಿ ವಯಸ್ಸನ್ನು ಕಳೆದರೆ ನಿಮಿಷಕ್ಕೆ ಹೃದಯ ಬಡಿಯಬಹುದಾದ ಹೆಚ್ಚಿನ ಮಿತಿ ಹತ್ತಿರ ಹತ್ತಿರ ಸಿಗುತ್ತದೆ. ಐವತ್ತಾರಕ್ಕೆ ಅದು 164. ಇಪ್ಪತ್ತರ ಹುಡುಗಿಗೆ 200. ಈ ಮೂವತ್ತಾರರ ಅಂತರವನ್ನು ಯಾವ ಹಟವೂ ತುಂಬಿಕೊಡುವುದಿಲ್ಲ.

ಹಾಗಾದರೆ ಸ್ಪರ್ಧೆ ಯಾಕೆ ಎಂದು ಮನೆಯಲ್ಲಿ ಪ್ರಶ್ನೆ ಎದ್ದಿತು. ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆಂದು 2024ರಲ್ಲಿ ಮೊದಲ ಸಲ ಹೇಳಿದಾಗ ನಮ್ಮ ಮನೆಯವರು ಪೇಪರು ಮಡಚಿಟ್ಟು ಕೇಳಿದರು:

“ಗೆದ್ರ ಏನ್ ಕೊಡ್ತಾರ?”

“ಒಂದು ಪ್ರಮಾಣಪತ್ರ.”

“ಅದನ್ನ ನೀನ ಶಾಲ್ಯಾಗ ವರ್ಷಾ ಬರದ ಬರದ ಕೊಡ್ತೀಯಲ್ಲ!”

ಅತ್ತೆಯವರು ಮಾತ್ರ ನಗಲಿಲ್ಲ. “ಅಷ್ಟ ದೂರ ಹೋಗಿ ತಾಯಿಗೆ ಒಂದು ಉಡಿ ತುಂಬಿಸಿ ಬಾರವಾ, ಅಂದ್ರ ನಾಕ್ ಮಂದಿಗೆ ಹೇಳಾಕರೆ ಬರತೈತಿ” ಎಂದರು. ಅವರ ಮಾತಿನಲ್ಲಿ ದೊಡ್ಡ ಲೋಕಜ್ಞಾನವಿತ್ತು. ದೇವರ ಹೆಸರಿದ್ದರೆ ಹೆಂಗಸಿನ ಏದುಸಿರಿಗೆ ಮರ್ಯಾದೆ. ಇಲ್ಲದಿದ್ದರೆ ಅದು ಬರೀ ಏದುಸಿರು.

ಇದು ನಮ್ಮಲ್ಲಿ ಮಾತ್ರ ಇರುವ ಗುಣವೆಂದು ತಿಳಿಯಬೇಕಾಗಿಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರು 800 ಮೀಟರ್ ಓಡಿ ಮುಗಿಸಿದಾಗ ಬಳಲಿದ್ದನ್ನು ಪತ್ರಿಕೆಗಳು ಉತ್ಪ್ರೇಕ್ಷೆ ಮಾಡಿ ಬರೆದವು. ಅಷ್ಟಕ್ಕೇ ಆ ಓಟವನ್ನು ತೆಗೆದುಹಾಕಿ, ಮತ್ತೆ ಸೇರಿಸಿದ್ದು 1960ರಲ್ಲಿ. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸಿಗೆ ಬಂದದ್ದು 1984ರಲ್ಲಿ. ಆದರೆ ಗುಡ್ಡ ಅಷ್ಟು ಕಾಯಲಿಲ್ಲ. 1959ರಲ್ಲಿ ಅಮೆರಿಕದ ಆರ್ಲೀನ್ ಪೈಪರ್ ಎಂಬ ತಾಯಿ, ಹದಿನಾಲ್ಕು ಸಾವಿರ ಅಡಿಗೂ ಎತ್ತರದ ಪೈಕ್ಸ್ ಪೀಕ್ ಹತ್ತಿ ಇಳಿಯುವ ಮ್ಯಾರಥಾನನ್ನು ಓಡಿ ಮುಗಿಸಿದರು. ಒಂಬತ್ತು ವರ್ಷದ ಮಗಳು ಶಿಖರದ ತನಕ ಜೊತೆಗೆ ಬಂದಿದ್ದಳು. ಆ ದೇಶದಲ್ಲಿ ಅಧಿಕೃತ ಮ್ಯಾರಥಾನ್ ಮುಗಿಸಿದ ಮೊದಲ ಹೆಂಗಸು ತಾನೇ ಎಂಬುದು ಪೈಪರ್ ಅವರಿಗೆ ಗೊತ್ತಾದದ್ದು ಐವತ್ತು ವರ್ಷಗಳ ನಂತರ, 2009ರಲ್ಲಿ! ಮಾಡಿದ ಕೆಲಸಕ್ಕೆ ಲೆಕ್ಕ ಇಡುವವರಿಲ್ಲದಿದ್ದರೆ ಮಾಡಿದವಳಿಗೂ ಅದು ಮರೆಯುತ್ತದೆ.

ಈ ಲೆಕ್ಕದ ವಿಷಯವೇ ನನ್ನನ್ನು ಸ್ಪರ್ಧೆಗೆ ಎಳೆದದ್ದು. ಹಿರಿಯರ ಕ್ರೀಡೆಗೆ ಮಾಸ್ಟರ್ಸ್ ಎನ್ನುತ್ತಾರೆ. 1975ರಲ್ಲಿ ಟೊರಾಂಟೊದಲ್ಲಿ ಮೊದಲ ವಿಶ್ವಕೂಟ ನಡೆಯಿತು. ಈಗ ಅಲ್ಲಿ ಮೂವತ್ತೈದರಿಂದ ಆರಂಭಿಸಿ ಐದೈದು ವರ್ಷಕ್ಕೊಂದು ಗುಂಪು. ಪರ್ವತದ ಓಟಕ್ಕೂ ಹೀಗೆ ವಯಸ್ಸಿನ ಗುಂಪುಗಳಿರುವ ವಿಶ್ವಸ್ಪರ್ಧೆ ಪ್ರತ್ಯೇಕವಾಗಿ ನಡೆಯುತ್ತದೆ. ತೊಂಬತ್ಮೂರನೆಯ ವಯಸ್ಸಿಗೆ ಓಡಲು ತೊಡಗಿದ ಚಂಡೀಗಢದ ಮಾನ್ ಕೌರ್ 2017ರಲ್ಲಿ ಆಕ್ಲೆಂಡಿನಲ್ಲಿ ನೂರು ಮೀಟರ್ ಓಡಿ ಚಿನ್ನ ಗೆದ್ದಾಗ ಅವರಿಗೆ ನೂರಾ ಒಂದು. ಓದಿ ನಕ್ಕವರಿದ್ದಾರೆ. ನನಗೆ ಆ ವ್ಯವಸ್ಥೆಯಲ್ಲಿ ದೊಡ್ಡ ನ್ಯಾಯ ಕಂಡಿತು. ಮನೆಯಲ್ಲಿ, ಬೀದಿಯಲ್ಲಿ ವಯಸ್ಸಾದವಳಿಗೆ ಎರಡೇ ತೆರನ ಮಾತು: “ಈ ವಯಸ್ಸಿನ್ಯಾಗ ಯಾಕ ಬೇಕು” ಎಂಬುದೊಂದು, “ಅಬಬಾ, ಈ ವಯಸ್ಸಿನ್ಯಾಗೂ!” ಎಂಬುದೊಂದು. ಮೊದಲನೆಯದು ತಡೆ, ಎರಡನೆಯದು ಕನಿಕರ. ಸ್ಪರ್ಧೆ ಮಾತ್ರ ಹೇಳುತ್ತದೆ: ನಿನ್ನ ವಯಸ್ಸು ನಮಗೆ ಗೊತ್ತು, ಅದನ್ನು ಲೆಕ್ಕಕ್ಕೆ ಹಿಡಿದಿದ್ದೇವೆ, ಇನ್ನು ನೀನು ಎಷ್ಟು ಹೊತ್ತಿಗೆ ಬರುತ್ತೀ ತೋರಿಸು. ಮೂವತ್ತು ವರ್ಷ ಇತರರಿಗೆ ಅಂಕ ಹಾಕಿದವಳಿಗೆ ತನ್ನದೊಂದು ಉತ್ತರಪತ್ರಿಕೆ ಕೊಡುವ ಆಸೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

ರಾತ್ರಿಯ ರೈಲಿಗೆ ಹೊರಟು ಮೈಸೂರು ಸೇರಿದೆ. ಒಂದು ದಿನ ವಿಶ್ರಾಂತಿ. ಡಿಸೆಂಬರಿನ ರವಿವಾರ ಬೆಳಿಗ್ಗೆ ಬೆಟ್ಟದ ಪಾದದಲ್ಲಿ ನಿಂತಾಗ ಬೆನ್ನಿಗೆ ಒಂದು ನಂಬರು ಹಚ್ಚಿದ್ದರು. ನಮ್ಮದು ಐವತ್ತರಿಂದ ಐವತ್ತೊಂಬತ್ತರವರ ಗುಂಪು. ಏಳು ಜನ ಹೆಂಗಸರು. ಒಬ್ಬರು ಸೀರೆಯ ಕಚ್ಚೆ ಹಾಕಿದ್ದರು, ಉಳಿದವರು ಚೂಡಿದಾರ. ಮುಂದಿದ್ದದ್ದು ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲು.

ಚಾಮುಂಡಿ ಬೆಟ್ಟದ ಕಠಿಣ ಪಾಠ ಮೊದಲ ಪುಟದಲ್ಲೇ ಇದೆ. ಕೆಳಗಿನ ಮೆಟ್ಟಿಲುಗಳೇ ಹೆಚ್ಚು ಕಡಿದು. ಸೀಟಿ ಊದುತ್ತಲೇ ನಾಲ್ವರು ಮುಂದೆ ಹಾರಿದರು. ನಾನು ಮಾಸ್ತರರ ಮಾತಿನಂತೆ ವಾಕ್ಯ ಹಿಡಿದು ಹೊರಟೆ. ಮಗ್ಗಿ ಹೇಳಿಕೊಂಡೆ, ಹಾಜರಿ ಪುಸ್ತಕದ ಹೆಸರು ಕೂಗಿಕೊಂಡೆ. ಇನ್ನೂರರ ಸುಮಾರಿಗೆ ಹೆಸರುಗಳು ಅರ್ಧರ್ಧ ಬರತೊಡಗಿದವು. ಓಟ ಬಿಟ್ಟು, ಮೊಣಕಾಲಿಗೆ ಕೈಯೂರಿ ನಡೆದೆ. ಅಲ್ಲಿಯೇ ಮೆಟ್ಟಿಲ ಬದಿಗೆ ನನ್ನ ವಯಸ್ಸಿನವಳೇ ಒಬ್ಬಳು ಹರಕೆ ತೀರಿಸುತ್ತಿದ್ದಳು. ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುವುದು, ಏಳುವುದು, ಮುಂದಿನ ಮೆಟ್ಟಿಲು. ಸಾವಿರ ಸಲ ಬಗ್ಗಿ ಸಾವಿರ ಸಲ ಏಳುವ ಅವಳಿಗೆ ಯಾರೂ ಸಮಯ ನೋಡುತ್ತಿರಲಿಲ್ಲ. ನನ್ನ ಕಾಲು ತಾಗದಿರಲೆಂದು ಕುಂಕುಮದ ತಟ್ಟೆ ಸರಿಸಿ, “ಹೋಗಿ ಅಮ್ಮ, ಹೋಗಿ, ನಿಮ್ದು ಬೇಗ ಆಗ್ಬೇಕಲ್ವಾ” ಎಂದಳು. ಅವಳಲ್ಲಿ ನನಗೆ ಅವ್ವ ಕಂಡಳು. ಅವಳ ಏರಿಗಿಂತ ನನ್ನ ಏರು ದೊಡ್ಡದೆಂದು ನಾನು ಹೇಳಲಾರೆ. ಆದರೆ ಅವಳ ತಟ್ಟೆಯಲ್ಲಿ ಒಂದು ಮನೆಯ ಭಾರವಿತ್ತು. ನನ್ನ ಕೈ ಖಾಲಿ ಇತ್ತು. ಐವತ್ತಾರು ವರ್ಷದಲ್ಲಿ ಖಾಲಿ ಕೈಯಲ್ಲಿ ಗುಡ್ಡ ಹತ್ತಿದ್ದು ಎಷ್ಟು ಸಲ ಎಂದು ಕೇಳಿಕೊಂಡೆ. ಆ ಪ್ರಶ್ನೆಯೇ ಹಿಂದಿನಿಂದ ನೂಕಿದಂತಾಗಿ ಮತ್ತೆ ಓಡಿದೆ.

ನಂದಿಯ ಹತ್ತಿರ ಬರುವಷ್ಟರಲ್ಲಿ ಮುಂದೆ ಹಾರಿದ್ದವರಲ್ಲಿ ಒಬ್ಬರು ಕಟ್ಟೆಯ ಮೇಲೆ ಕೂತಿದ್ದರು. ಅಲ್ಲಿಂದಾಚೆ ಏರು ಸೌಮ್ಯ, ಆದರೆ ಕಾಲಿಗೆ ಅದು ತಿಳಿಯುವಷ್ಟು ಬುದ್ಧಿ ಉಳಿದಿರುವುದಿಲ್ಲ. ಮೇಲೆ ತಲುಪಿದಾಗ ಗಡಿಯಾರ ಹಿಡಿದ ಹುಡುಗಿ ನನ್ನ ನಂಬರು ಓದಿ, ಸಮಯ ಕೂಗಿ, ಬರೆದುಕೊಂಡಳು: 28 ನಿಮಿಷ 11 ಸೆಕೆಂಡು. ಏಳರಲ್ಲಿ ನಾಲ್ಕನೆಯವಳು. ಪದಕವಿಲ್ಲ. ಮೊದಲು ಬಂದವರು ನನಗಿಂತ ಎರಡು ವರ್ಷ ದೊಡ್ಡವರು, ಆ ಕಚ್ಚೆ ಸೀರೆಯವರೇ. ಅವರ ಕೈ ಕುಲುಕಿದೆ, ಅಂಗೈ ಕಲ್ಲಿನಂತಿತ್ತು.

ಅತ್ತೆಯವರಿಗೆ ಕೊಟ್ಟ ಮಾತಿನಂತೆ ಉಡಿ ತುಂಬಿಸಿದೆ. ಮೊಣಕಾಲಿಗೆ ಕರುಣೆ ತೋರಿಸಿ ಬಸ್ಸಿನಲ್ಲಿ ಇಳಿದೆ. ಊರಿಗೆ ಬಂದ ಮೇಲೆ ನೆರೆಯವರು “ಎಷ್ಟನೇ ನಂಬರ?” ಎಂದು ಕೇಳಿದರು, “ನಾಕು” ಎಂದಾಗ “ಇರ್ಲಿ ಬಿಡ್ರಿ” ಎಂದು ಸಂತೈಸಿದರು. ಮನೆಯವರು ಮಾತ್ರ ಮಾತಿಲ್ಲದೆ ಆ ಕಾಗದವನ್ನು ಎಲೆಕ್ಟ್ರಿಕ್ ಬಿಲ್ಲು, ಮನೆ ಪಟ್ಟಿಯ ರಸೀದಿಗಳ ಫೈಲಿನಲ್ಲಿ ಇಟ್ಟರು. ಅವರ ದೃಷ್ಟಿಯಲ್ಲಿ ಅದಕ್ಕಿಂತ ಭದ್ರವಾದ ಜಾಗವಿಲ್ಲ.

ಈಗಲೂ ದಿನಾ ಬೆಳಿಗ್ಗೆ ನೆಲದ ಮೇಲೆ ಕೂತು, ಕೈಯೂರದೆ ಏಳುತ್ತೇನೆ. ಇದು ಯಾವ ಸ್ಪರ್ಧೆಯಲ್ಲೂ ಇಲ್ಲದ ನನ್ನದೇ ಪರೀಕ್ಷೆ. ಅವ್ವನ ಹೆಸರಿನಲ್ಲಿ ಬರೆಯುವುದು. ಇದರಲ್ಲಿ ಪಾಸಾದ ದಿನ ಉಳಿದದ್ದೆಲ್ಲ ಬೋನಸ್ಸು.

ವಯಸ್ಸಿನ ಗುಂಪುಗಳಲ್ಲಿ ಒಂದು ತಮಾಷೆ ಇದೆ. ವರ್ಷ ಕಳೆದಂತೆ ನಮ್ಮ ಗುಂಪಿನಲ್ಲಿ ನಾನು ಮುದುಕಿಯಾಗುತ್ತ ಹೋಗುತ್ತೇನೆ. ಐವತ್ತರ ಹೊಸ ಹುಡುಗಿಯರು ಬಂದು ಸೇರುತ್ತಾರೆ, ನನ್ನ ನಾಲ್ಕನೆಯ ಸ್ಥಾನ ಐದೋ ಆರೋ ಆಗಬಹುದು. ಆದರೆ ಅರವತ್ತು ತುಂಬಿದ ಕೂಡಲೇ ಮುಂದಿನ ಗುಂಪು. ಶಾಲೆಯಲ್ಲಿ ಹಾರ ಹಾಕಿ, ಶಾಲು ಹೊದಿಸಿ, ಇನ್ನು ಮನೆಯಲ್ಲಿ ಆರಾಮಾಗಿರಿ ಎಂದು ಬೀಳ್ಕೊಡುವ ವರ್ಷವೇ ಬೆಟ್ಟದ ಪಾದದ ಆ ಸಾಲಿನಲ್ಲಿ ಎಲ್ಲರಿಗಿಂತ ಸಣ್ಣಾಕಿ ನಾನೇ ಆಗಿರುತ್ತೇನೆ.