ಯೆಜ್ಡಿ ಹೋಯಿತು, ಚೀಲ ಉಳಿಯಿತು

ಹೆದ್ದಾರಿ ಪಕ್ಕದ ಮನೆಯವರಿಗೆ ಲಾರಿಯ ಸದ್ದೇ ಜೋಗುಳ. ಮಾಕಳಿಯಲ್ಲಿ ತುಮಕೂರು ರಸ್ತೆಗೆ ಕೂಗಳತೆಯಲ್ಲಿರುವ ಆ ಮನೆಯ ಯಜಮಾನರು, ನೆಲ ನಡುಗಿಸುತ್ತಾ ಟ್ರೇಲರ್ ಹಾದುಹೋದರೂ ಮಗ್ಗುಲು ಬದಲಿಸುವವರಲ್ಲ. ಅಂಥವರನ್ನು ರಾತ್ರಿ ಎರಡು ಗಂಟೆಗೆ ಬಚ್ಚಲ ನಲ್ಲಿಯಿಂದ ಬಕೆಟ್ಟಿಗೆ ಬಿದ್ದ ಒಂದೇ ಒಂದು ಹನಿ ಎಬ್ಬಿಸಿ ಕೂರಿಸಿತು. ಟಪ್. ಇನ್ನೊಂದು ಬೀಳುವವರೆಗೆ ಕಾಯಬೇಕು. ಆ ಕಾಯುವುದೇ ಹಿಂಸೆ. ಟಪ್.

“ರೀ, ಪ್ಲಂಬರ್‌ಗೆ ಹೇಳಿದ್ರಾ?” ಕತ್ತಲಲ್ಲೇ ಪ್ರಶ್ನೆ ಬಂತು.

ಹೇಳಿದ್ದರು. “ನಾಳೆ ಬೆಳಗ್ಗೆ ಫಸ್ಟು ನಿಮ್ಮನೇದೇ ಸಾರ್” ಎಂದು ಆತ ಹೇಳಿ ಎಂಟು ನಾಳೆಗಳು ಕಳೆದಿದ್ದವು.

ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡುವವರು. ಹಾರಿಹೋದ ನಿದ್ದೆಯ ಜಾಗದಲ್ಲಿ ಲೆಕ್ಕ ಬಂದು ಕೂತಿತು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಅಂತಿಟ್ಟುಕೊಂಡರೆ, ಎರಡು ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ 43,200 ಹನಿ, ಅಂದರೆ 2 ಲೀಟರಿಗೂ ಮೇಲೆ. ವರ್ಷಕ್ಕೆ 780 ಲೀಟರ್ ದಾಟುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೂತ ಬೆಂಗಳೂರಿನವರಿಗೆ ಇದು ಸಣ್ಣ ಅಂಕಿಯಲ್ಲ. ಬೆಳಕು ಹರಿಯುತ್ತಲೇ ಅಟ್ಟದಿಂದ ಅಪ್ಪನ ಚೀಲ ಇಳಿಯಿತು.

ಈ ಯಜಮಾನರೂ ಇದನ್ನು ಬರೆಯುತ್ತಿರುವವರೂ ಒಬ್ಬರೇ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಉತ್ತಮ ಪುರುಷದಲ್ಲಿ ಹೇಳಿಕೊಳ್ಳುವಷ್ಟು ಉತ್ತಮ ಕೆಲಸ ಯಾವುದೂ ಅವರ ಕೈಯಿಂದ ಆಗಿಲ್ಲವಾದ್ದರಿಂದ ಪ್ರಥಮ ಪುರುಷವೇ ಇರಲಿ.

ಅದು ಖಾಕಿ ಕ್ಯಾನ್ವಾಸಿನ ಚೀಲ. ಚಾಪೆಯಂತೆ ಸುರುಳಿ ಸುತ್ತಿ, ಹಳೆಯ ಬೂಟಿನ ಲೇಸಿನಿಂದ ಬಿಗಿದಿದೆ. ಬಿಚ್ಚಿದರೆ ಮೊದಲು ಬರುವುದು ವಾಸನೆ: ಗ್ರೀಸು, ಪೆಟ್ರೋಲು, ತುಕ್ಕು ಸೇರಿದ್ದು. ಆಮೇಲೆ ಹತ್ತು-ಹನ್ನೊಂದರ ಸ್ಪ್ಯಾನರ್, ಮರದ ಹಿಡಿಯ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಒಂದು ತುಂಡು ಉಪ್ಪುಕಾಗದ. ಕೊನೆಯ ಜೇಬಿನಲ್ಲಿ ಪ್ಲಗ್ ಬಿಚ್ಚುವ ಇಪ್ಪತ್ತೊಂದರ ಬಾಕ್ಸ್ ಸ್ಪ್ಯಾನರ್, ಅದರ ತೂತಿಗೆ ತೂರಿಸಿ ತಿರುಗಿಸುವ ಕಂಬಿಯ ಸಮೇತ. ಇದರಲ್ಲಿ ಕೆಲವು ಯೆಜ್ಡಿ ಬೈಕಿನ ಜೊತೆಗೇ ಬಂದವು, ಉಳಿದವು ಅಪ್ಪ ಒಂದೊಂದಾಗಿ ಸೇರಿಸಿದವು.

ಅಪ್ಪ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಫಿಟ್ಟರ್. 1953ರಲ್ಲಿ ಶುರುವಾದ ಆ ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಕೈಹಿಡಿದು ಗಡಿಯಾರಕ್ಕೂ ಕೈಹಾಕಿತು. ಅದೇ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ‘ಐಡಿಯಲ್ ಜಾವಾ’ ಕಾರ್ಖಾನೆಯಿಂದ ಬೈಕುಗಳು ಹೊರಬರತೊಡಗಿದವು. ಒಂದು ಕಡೆ ಜಪಾನು, ಇನ್ನೊಂದು ಕಡೆ ಜೆಕೊಸ್ಲೊವಾಕಿಯಾ. ನಡುವೆ ನಮ್ಮ ಹುಡುಗರು ತಿರುಪು ಬಿಗಿಯುವುದನ್ನು ಕಲಿತರು. ಜಾವಾ ಅನ್ನುವುದು ದ್ವೀಪದ ಹೆಸರೆಂದು ಅಪ್ಪನ ಸಹೋದ್ಯೋಗಿಗಳು ಬಾಜಿ ಕಟ್ಟಿ ಸೋಲುತ್ತಿದ್ದರಂತೆ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕಿನ ವಿನ್ಯಾಸ ಕೊಂಡು ಪ್ರಾಗ್‌ನಲ್ಲಿ ಶುರುಮಾಡಿದ ವ್ಯವಹಾರ ಅದು. ರೋಮನ್ ಲಿಪಿಯಲ್ಲಿ ಯಾನೆಚೆಕ್‌ನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿದರೆ ಜಾವಾ. ಮೈಸೂರಿಗೆ ಅದನ್ನು ತಂದವರು ಇರಾನಿ ಮನೆತನದವರು. ಎಪ್ಪತ್ತರ ದಶಕದಲ್ಲಿ ಅದೇ ಬೈಕು ಯೆಜ್ಡಿ ಎಂದು ಹೆಸರು ಬದಲಿಸಿಕೊಂಡಿತು. ಇರಾನಿನ ಯಜ್ದ್ ಊರಿನ ನೆನಪಿಗೆ ಇಟ್ಟ ಹೆಸರೆಂದು ಹೇಳುತ್ತಾರೆ.

ಅಪ್ಪ 1986ರಲ್ಲಿ ಕೊಂಡದ್ದು ಸೆಕೆಂಡ್ ಹ್ಯಾಂಡ್ ಯೆಜ್ಡಿ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್. ಟೂ-ಸ್ಟ್ರೋಕ್ ಗಾಡಿಯಾದ್ದರಿಂದ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಅಪ್ಪನ ಅಳತೆ ಲೀಟರಿಗೆ 40 ಮಿಲಿ. ಔಷಧಿ ಕುಡಿಸುವ ಮುಚ್ಚಳವೇ ಮಾಪು. ಭಾನುವಾರ ಬೆಳಗ್ಗೆ ಅವರು ಗಾಡಿಯ ಮುಂದೆ ಗೋಣಿತಾಟು ಹಾಸಿ ಕೂತರೆಂದರೆ ಮನೆಯಲ್ಲಿ ಯಾರೂ ಸಿನಿಮಾ ಮಾತೆತ್ತುವಂತಿರಲಿಲ್ಲ. ಕಾಂಟ್ಯಾಕ್ಟ್ ಪಾಯಿಂಟಿನ ನಡುವೆ 0.4 ಮಿಲಿಮೀಟರ್ ಸಂದು. ಅದನ್ನಳೆಯಲು ಎಚ್‌ಎಂಟಿಯಲ್ಲಿ ಪಳಗಿದ ಬೆರಳಿಗೆ ಫೀಲರ್ ಗೇಜೂ ಬೇಕಿರಲಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಫೀಲರ್ ಗೇಜು ಮಾತ್ರ ಸದಾ ಜೇಬಿನಲ್ಲಿರುತ್ತಿತ್ತು.

ಒಂದು ಭಾನುವಾರ ಶಿವಗಂಗೆಗೆ ಹೊರಟಿದ್ದರು. ಅಪ್ಪ, ಹಿಂದೆ ಅಮ್ಮ, ಪೆಟ್ರೋಲ್ ಟ್ಯಾಂಕಿನ ಮೇಲೆ ಎಂಟು ವರ್ಷದ ಈ ಯಜಮಾನರು. ರಾಷ್ಟ್ರೀಯ ಹೆದ್ದಾರಿ 48 ಆಗಿನ್ನೂ ನಂಬರ್ 4. ಮಾಕಳಿಯ ಎರಡೂ ಬದಿಗೆ ರಾಗಿ ಹೊಲ. ದಾಬಸ್‌ಪೇಟೆ ಇನ್ನೇನು ಬಂತು ಅನ್ನುವಾಗ ಗಾಡಿ ಕೆಮ್ಮಿ, ಮುಕ್ಕರಿಸಿ, ನಿಂತೇಹೋಯಿತು. ತಪ್ಪು ಗಾಡಿಯದಲ್ಲ. ಬಂಕಿನಲ್ಲಿ ಹುಡುಗ ಆಗಲೇ ಎಣ್ಣೆ ಬೆರೆಸಿದ್ದ. ಅಪ್ಪ ಮರೆತು ತಮ್ಮ ಮುಚ್ಚಳದ ಅಳತೆಯನ್ನೂ ಹೊಯ್ದಿದ್ದರು.

“ಪ್ಲಗ್ ಶಾರ್ಟ್ ಆಗಿದೆ” ಎಂದರು ಅಪ್ಪ.

ಹುಣಸೆ ಮರದ ನೆರಳಲ್ಲಿ ಚೀಲ ಬಿಚ್ಚಿಕೊಂಡಿತು. ಬಾಕ್ಸ್ ಸ್ಪ್ಯಾನರ್ ತೂರಿಸಿ, ಸುಡುವ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ತೆಗೆದರೆ ಅದರ ಮೂತಿ ಕಾಡಿಗೆ ಡಬ್ಬಿಯಂತಿತ್ತು. ಎರಡು ಮುಳ್ಳುಗಳ ನಡುವೆ ಮಸಿ ಸೇತುವೆ ಕಟ್ಟಿತ್ತು. ಕಿಡಿಯಾಗಿ ಹಾರಬೇಕಾದ ಕರೆಂಟು ಆ ಸೇತುವೆ ಮೇಲೆ ಸುಮ್ಮನೆ ನಡೆದುಹೋಗುತ್ತಿತ್ತು. ಉಪ್ಪುಕಾಗದ ಒಳಗಿನ ಸಂದಿಗೆ ಹೋಗದು. ಅಪ್ಪ ಸುತ್ತಮುತ್ತ ನೋಡಿ ಅಮ್ಮನ ಮುಖ ನೋಡಿದರು. ಅಮ್ಮ ಮಾತಾಡದೆ ತುರುಬಿನಿಂದ ಹೇರ್‌ಪಿನ್ ಕಿತ್ತುಕೊಟ್ಟರು. ಕೆರೆದು, ಒರೆಸಿ, ಪ್ಲಗ್ಗನ್ನು ಸಿಲಿಂಡರಿನ ತಲೆಗೆ ಒರಗಿಸಿ ಕಿಕ್ ಹೊಡೆದಾಗ ಹಗಲಿನಲ್ಲೂ ಕಂಡ ಆ ನೀಲಿ ಕಿಡಿ ಯಜಮಾನರ ಕಣ್ಣಲ್ಲಿ ಇವತ್ತಿಗೂ ಇದೆ.

ಗಾಡಿಗೂ ಹೆಂಗಸರ ಪಿನ್ನಿಗೂ ಇರುವ ನಂಟು ಅಮ್ಮನಿಂದ ಶುರುವಾದದ್ದಲ್ಲವೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬೆರ್ತಾ ಬೆಂಜ್, ಗಂಡ ಕಾರ್ಲ್ ಬೆಂಜ್ ತಯಾರಿಸಿದ ಮೂರು ಚಕ್ರದ ಮೋಟಾರು ಗಾಡಿಯನ್ನು ಅವನಿಗೆ ಹೇಳದೆ ಹೊರಡಿಸಿಕೊಂಡು, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಜ್‌ಹೈಮಿನ ತವರಿಗೆ ಹೋದಳು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು, ತಂತಿಗೆ ಕಾಲುಚೀಲದ ಪಟ್ಟಿ ಸುತ್ತಿದಳು, ಬ್ರೇಕಿನ ಮರ ಸವೆದಾಗ ದಾರಿಯ ಚಮ್ಮಾರನಿಂದ ತೊಗಲು ಹೊಡೆಸಿದಳು, ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಮೋಟಾರು ವಾಹನದ ಮೊದಲ ದೂರ ಪ್ರಯಾಣವೂ ಅದರ ರಸ್ತೆ ಬದಿಯ ರಿಪೇರಿಯೂ ಒಂದೇ ದಿನದವು. ಬೆರ್ತಾಳ ಹೆಸರು ಪುಸ್ತಕ ಸೇರಿತು. ಅಮ್ಮನಿಗೆ ಹೊಸ ಹೇರ್‌ಪಿನ್ನೂ ಸಿಗಲಿಲ್ಲ.

ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಎರಡು ವರ್ಷಕ್ಕೆ ಅಪ್ಪನ ಮಂಡಿಯೂ ಕಿಕ್ಕರಿಗೆ ಬಾಗಿಲು ಹಾಕಿತು. ಗಾಡಿ ಕೊಳ್ಳಲು ನೆಲಮಂಗಲದಿಂದ ಬಂದ ಹುಡುಗ ಹಣ ಎಣಿಸಿಕೊಟ್ಟು, “ಟೂಲ್ಸ್ ಚೀಲ ಸಾರ್?” ಎಂದ. ಅಪ್ಪ, “ಗಾಡಿ ತಗೊಂಡ್ಹೋಗಪ್ಪ, ಚೀಲ ಮಾತ್ರ ಕೇಳ್ಬೇಡ” ಎಂದರು. ಜಾವಾ ಹೆಸರು 2018ರಲ್ಲೂ ಯೆಜ್ಡಿ ಹೆಸರು 2022ರಲ್ಲೂ ಹೊಸ ಗಾಡಿಗಳ ಮೇಲೆ ಮತ್ತೆ ಬಂದವು. ಹಳೆಯವನ್ನು ಇಟ್ಟುಕೊಂಡವರು ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಒಟ್ಟುಸೇರುತ್ತಾರೆ. ಅಲ್ಲಿ ಸಾಲಾಗಿ ನಿಲ್ಲುವ ಮುದಿ ಗಾಡಿಗಳಲ್ಲಿ ಅಪ್ಪನದೂ ಇದೆಯೋ ಏನೋ.

ಗಾಡಿಯಿಲ್ಲದ ಚೀಲ ಮನೆಯೊಳಗೆ ಕೆಲಸ ಹುಡುಕಿಕೊಂಡಿತು. ಅಪ್ಪ ಕಾಲವಾದ ಮೇಲೆ, ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಲೆಕ್ಕಪತ್ರದ ಮಗನೇ ಅದರ ಒಡೆಯ. ಮೊದಲ ಗೆಲುವು ಹಾಲಿನ ಫ್ಯಾನಿನದು. ಸ್ವಿಚ್ ಹಾಕಿದರೆ ಗುಂಯ್‌ಗುಡುತ್ತಾ ನಿಂತಿರುತ್ತಿತ್ತು. ಕೋಲಿನಿಂದ ರೆಕ್ಕೆ ತಿವಿದರೆ ಮನಸ್ಸಿಲ್ಲದ ಮನಸ್ಸಿನಿಂದ ತಿರುಗುತ್ತಿತ್ತು. ಪಕ್ಕದ ಮನೆಯ, ಪೀಣ್ಯದಲ್ಲಿ ಟರ್ನರ್ ಆಗಿರುವ ಅಣ್ಣ ಕೆಳಗಿನಿಂದಲೇ ನೋಡಿ, “ಮೋಟಾರ್ ಚೆನ್ನಾಗದೆ, ಕೆಪಾಸಿಟರ್ ಹೋಗದೆ. ಎರಡೂವರೆ ಮೈಕ್ರೋಫ್ಯಾರಡ್ ತನ್ನಿ” ಎಂದರು. ಮೇನ್ ಆಫ್ ಮಾಡಿ, ಮೇಜಿನ ಮೇಲೆ ಕುರ್ಚಿ ಹತ್ತಿ, ಹಳೆಯದರ ಎರಡು ತಂತಿ ಬಿಡಿಸಿ ಹೊಸದರ ಎರಡು ತಂತಿ ಸೇರಿಸಿದ್ದಷ್ಟೇ ಕೆಲಸ. ಫ್ಯಾನು ತಿರುಗಿದಾಗ ಮೇಜಿನ ಮೇಲಿದ್ದ ತಿಂಗಳ ಲೆಕ್ಕದ ಹಾಳೆಗಳೆಲ್ಲ ಹಾರಿದವು. ಅವನ್ನು ಹೆಕ್ಕಿಕೊಳ್ಳಲು ಆ ದಿನ ಯಾರಿಗೂ ಬೇಸರವಾಗಲಿಲ್ಲ.

ಎರಡನೆಯದು ಮಿಕ್ಸಿ. ಅದರಲ್ಲಿ ಗೆದ್ದರೋ ಸೋತರೋ ಇನ್ನೂ ತೀರ್ಮಾನವಾಗಿಲ್ಲ. ಸವೆದ ಕಪ್ಲರ್ ಬದಲಿಸಿ ಎಲ್ಲ ಜೋಡಿಸಿದ ಮೇಲೆ ಒಂದು ಸ್ಕ್ರೂ ಮಿಕ್ಕಿತು. ಮಿಕ್ಸಿ ಓಡುತ್ತಿದೆ. ಆ ಸ್ಕ್ರೂವನ್ನು ಮನೆಯವರು ಒಗ್ಗರಣೆ ಡಬ್ಬಿಯಲ್ಲಿ, ಸಾಸಿವೆಯ ಪಕ್ಕದ ಬಟ್ಟಲಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ನೆಂಟರು ಬಂದಾಗ ತೋರಿಸುತ್ತಾರೆ.

ಈಗ ನಲ್ಲಿ. ತಾರಸಿ ಮೇಲಿನ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ ಬಂದು, ನಲ್ಲಿಯ ತಲೆ ಬಿಚ್ಚಿದರೆ ಒಳಗೊಂದು ಪುಟ್ಟ ಅಣಬೆಯಂಥ ಹಿತ್ತಾಳೆ ಬಿಲ್ಲೆ. ಅದರ ಅಡಿಯಲ್ಲಿ ರಬ್ಬರಿನ ವಾಷರ್. ಬೋರ್‌ವೆಲ್ಲಿನ ಗಡಸು ನೀರಿಗೆ ಸುತ್ತಲೂ ಸುಣ್ಣ ಕಟ್ಟಿ, ರಬ್ಬರಿನ ಮೇಲೆ ಉಂಗುರದಂತೆ ಒಂದು ಗೀರು ಬಿದ್ದಿತ್ತು. ವರ್ಷಕ್ಕೆ 780 ಲೀಟರು ದಾಟುತ್ತಿದ್ದ ಹಳ್ಳ ಅದೇ. ಆದರೆ ಬಿಚ್ಚುವ ಭರದಲ್ಲಿ ಯಜಮಾನರು ಇಡೀ ನಲ್ಲಿಯನ್ನೇ ಗೋಡೆಯಲ್ಲಿ ತಿರುಗಿಸಿಬಿಟ್ಟಿದ್ದರು. ಇನ್ನು ಅಲ್ಲಿಂದಲೂ ನೀರು ಜಿನುಗುತ್ತದೆ. ಒಂದು ಕಾಯಿಲೆ ಹೋಗಿ ಎರಡಾಯಿತು.

ಹಾರ್ಡ್‌ವೇರ್ ಅಂಗಡಿಯಾತ, “ವಾಷರ್ ಯಾರ್ ಹಾಕ್ತಾರೆ ಸಾರ್ ಈಗ? ಹೊಸ ನಲ್ಲೀನೇ ತಗೊಳ್ಳಿ” ಎಂದ. ಕೊನೆಗೆ ಹಾರ್ಲಿಕ್ಸ್ ಬಾಟಲಿಯೊಂದರ ತಳದಿಂದ ಅರ್ಧ ಇಂಚಿನ ವಾಷರ್ ಹೆಕ್ಕಿಕೊಟ್ಟು, ಜೊತೆಗೆ ಬಿಳಿ ಟೆಫ್ಲಾನ್ ಟೇಪಿನ ಸುರುಳಿ ಇಟ್ಟ.

ಈ ಟೇಪಿನ ಹುಟ್ಟೂ ಬಿಚ್ಚಿ ನೋಡುವ ಚಪಲದಿಂದಲೇ ಆದದ್ದು. 1938ರ ಏಪ್ರಿಲ್ 6ರಂದು ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನತಜ್ಞ, ಫ್ರಿಜ್ಜಿನ ಅನಿಲಗಳ ಪ್ರಯೋಗಕ್ಕೆಂದು ಒಂದು ಸಿಲಿಂಡರಿನ ವಾಲ್ವ್ ತಿರುಗಿಸಿದ. ಅನಿಲ ಬರಲಿಲ್ಲ. ಖಾಲಿಯೇನೋ ಎಂದು ತೂಗಿದರೆ ತೂಕ ಹಾಗೇ ಇದೆ. ಬೇರೆಯವರಾದರೆ ಅತ್ತ ಎಸೆದು ಇನ್ನೊಂದನ್ನು ತರಿಸುತ್ತಿದ್ದರು. ಅವನು ಗರಗಸದಿಂದ ಕೊಯ್ಯಿಸಿ ನೋಡಿದ. ಒಳಗೆ ಮೇಣದಂಥ ಬಿಳಿ ಪುಡಿ ಕೂತಿತ್ತು. ಯಾವ ಆಮ್ಲಕ್ಕೂ ಜಗ್ಗದ, ಯಾವುದಕ್ಕೂ ಅಂಟಿಕೊಳ್ಳದ ಆ ವಸ್ತುವೇ ದೋಸೆ ತವಾಕ್ಕೆ ಬಂದದ್ದು, ನಲ್ಲಿಯ ತಿರುಪಿಗೂ ಬಂದದ್ದು.

ಸುತ್ತುವುದಕ್ಕೂ ಒಂದು ಕ್ರಮವಿದೆ. ತಿರುಪಿನ ಮೂತಿಯನ್ನು ನಿಮ್ಮತ್ತ ಹಿಡಿದುಕೊಂಡು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದರೆ ನಲ್ಲಿ ಬಿಗಿಯುವಾಗ ಟೇಪು ಎದ್ದು, ಮದುವೆ ಮನೆಯ ಬಣ್ಣದ ಕಾಗದದಂತೆ ಹೊರಗೆ ಜೋತಾಡುತ್ತದೆ. ಜೋತಾಡಿತು. ಎಂಟನೇ ಕ್ಲಾಸಿನ ಮಗಳು ಬಾಗಿಲಿಗೆ ಒರಗಿಕೊಂಡು, “ಅಪ್ಪಾ, ಆ ಕಡೆಯಿಂದ ಸುತ್ತಿ ನೋಡಿ” ಎಂದಳು. ಆ ಕಡೆಯಿಂದ ಹತ್ತು ಸುತ್ತು. ನಲ್ಲಿ ಕೂತಿತು, ವಾಲ್ವ್ ತೆರೆಯಿತು, ಮೂವರೂ ಬಚ್ಚಲಲ್ಲಿ ಉಸಿರು ಬಿಗಿಹಿಡಿದು ನಿಂತರು. ಹನಿಯಿಲ್ಲ. ಪ್ಲಂಬರ್ ಸಂಜೆ ಬಂದ.

ಎಲ್ಲವೂ ಹೀಗೆ ಚೀಲಕ್ಕೆ ದಕ್ಕುವುದಿಲ್ಲ. ಯಜಮಾನರ ಈಗಿನ ಬೈಕಿಗೆ ಕಾರ್ಬೊರೇಟರೂ ಇಲ್ಲ, ಪಾಯಿಂಟೂ ಇಲ್ಲ. ಪೆಟ್ರೋಲು ಎಷ್ಟು ಚಿಮ್ಮಬೇಕೆಂದು ಒಳಗಿನ ಕಂಪ್ಯೂಟರೇ ಹೇಳುತ್ತದೆ. ಚೈನಿಗೆ ಎಣ್ಣೆ, ಟೈರಿಗೆ ಗಾಳಿ, ಏರ್ ಫಿಲ್ಟರಿನ ದೂಳು ಇಷ್ಟೇ ಮನೆಯವರ ಪಾಲು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ರಿಪೇರಿಯ ಹಕ್ಕು’ ಹೆಸರಿನಲ್ಲೇ ಒಂದು ಪೋರ್ಟಲ್ ತೆರೆದಿದೆ, ಕಂಪನಿಗಳು ಕೈಪಿಡಿ, ಬಿಡಿಭಾಗಗಳ ವಿವರ ಹಂಚಿಕೊಳ್ಳಲಿ ಎಂದು. ಬಿಡಿಭಾಗಕ್ಕೆ ಯಜಮಾನರು ನಂಬುವುದು ಮಾತ್ರ ಇಂದಿಗೂ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆಗಳನ್ನೇ. ಅಪ್ಪನಿಗೆ ಅಲ್ಲಿಗೆ ಹೋಗಿಬರುವುದೆಂದರೆ ಒಂದು ರಜೆಯ ಕೆಲಸ. 2024ರ ನವೆಂಬರಿನಲ್ಲಿ ಮೆಟ್ರೊ ಮಾದಾವರಕ್ಕೆ ಬಂದ ಮೇಲೆ, ಹಸಿರು ಮಾರ್ಗದಲ್ಲಿ ಕೂತು ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರಸ್ತೆಗೆ ನಡೆದೇ ಹೋಗಬಹುದು. ಮಧ್ಯಾಹ್ನದ ಊಟಕ್ಕೆ ಮನೆ.

ಆಯುಧಪೂಜೆಯ ದಿನ ಖಾಕಿ ಚೀಲ ದೇವರ ಮುಂದೆ ಬಿಚ್ಚಿಕೊಳ್ಳುತ್ತದೆ. ಈ ಸಲ ಒರೆಸಿ, ಎಣ್ಣೆ ಸವರಿ ಸಾಲಾಗಿ ಜೋಡಿಸಿದವಳು ಮಗಳು. ಹತ್ತು-ಹನ್ನೊಂದಕ್ಕೆ, ಪ್ಲೇಯರಿಗೆ, ಅಡುಗೆಮನೆಯಿಂದ ಬಂದ ಈಳಿಗೆಮಣೆಗೆ ಕುಂಕುಮ ಇಟ್ಟು, ಬಾಕ್ಸ್ ಸ್ಪ್ಯಾನರ್ ಹತ್ತಿರ ನಿಂತಳು. ಈಗಿನ ಗಾಡಿಯ ಪ್ಲಗ್ಗು ಸಣ್ಣದು. ಇಪ್ಪತ್ತೊಂದರ ಅಳತೆಗೆ ಕೂರುವಂಥದ್ದು ಮನೆಯಲ್ಲಿ ಏನೂ ಇಲ್ಲ.

“ಇದು ಯಾವುದಕ್ಕೂ ಆಗಲ್ವಲ್ಲಪ್ಪಾ?”

“ಅದಕ್ಕೇ ದೊಡ್ಡ ಬೊಟ್ಟು ಇಡು.”

ಅಷ್ಟರಲ್ಲಿ ಅಡುಗೆಮನೆಯಿಂದ ಕೂಗು. ಕುಕ್ಕರಿನ ಹಿಡಿ ಲಟಪಟ ಅಲ್ಲಾಡುತ್ತಿದೆ, ಸ್ಕ್ರೂ ಬಿಗಿಯಬೇಕು. ಯಜಮಾನರು ಗಂಭೀರವಾಗಿ, “ಇವತ್ತು ಆಯುಧ ಮುಟ್ಟೋ ಹಾಗಿಲ್ಲ. ನಾಳೆ ಬೆಳಗ್ಗೆ ಫಸ್ಟು ನಿನ್ನದೇ” ಎಂದರು. ಮನೆಯವರು ಹೊರಗೆ ಬಂದು, ಸಾಲಾಗಿ ಮಲಗಿದ್ದ ಆಯುಧಗಳನ್ನೂ ಅವುಗಳ ಒಡೆಯರನ್ನೂ ಒಮ್ಮೆ ನೋಡಿ, ಆರತಿ ತಟ್ಟೆಯಲ್ಲಿದ್ದ ಹಳೆಯ ಐವತ್ತು ಪೈಸೆ ನಾಣ್ಯವನ್ನು ಎತ್ತಿಕೊಂಡು ಒಳಗೆ ಹೋದರು. ಐದು ನಿಮಿಷಕ್ಕೆ ಕುಕ್ಕರ್ ಕೂಗಿತು.